ಬಾವಿಕಟ್ಟೆಯ ಬದಿಯ ಮಲ್ಲಿಗೆ



ಬಿಸಿಲು ಏರತೊಡಗಿದೆ. ಬಾರ್ಕೂರಿನ ಸುತ್ತಮುತ್ತ ಗದ್ದೆಯ ಕೆಲಸ ತುಸು ಹಗುರವಾಗುವ ಕಾಲವಿದು. ಉದ್ದು, ಹುರುಳಿ ಮನೆ ಸೇರಿದೆ, ಮಳೆಗಾಲದ ಉಳುಮೆಗೆ ಇನ್ನೂ ದಿನವಿದೆ. ಈಗ ನಮ್ಮ ಕಣ್ಣು ಹೋಗುವುದು ಬಾವಿಕಟ್ಟೆಯ ಬದಿಯ ಹೂವಿನ ಗಿಡಗಳ ಕಡೆಗೆ. "ಹೂವಿನ ಗಿಡ ಸಾಕುವುದು ಕೆಲಸವಿಲ್ಲದವರ ಕೆಲಸ" ಎಂದು ಕೆಲವು ಯಜಮಾನರು ಹೇಳುವುದುಂಟು. ಹೇಳಿಕೊಳ್ಳಲಿ. ಚೈತ್ರದ ಮುಂಜಾವದಲ್ಲಿ ಮಲ್ಲಿಗೆ ಸಾಲಿನ ನಡುವೆ ಒಂದು ಸಲ ನಿಂತು ನೋಡಿದರೆ ಅವರಿಗೂ ಮಾತು ಹೊರಡಲಿಕ್ಕಿಲ್ಲ.

ಬೆಳಕು ಹರಿಯುವ ಮುಂಚೆ ಗಿಡದ ಮೇಲೆಲ್ಲ ಬಿಳಿ ಮೊಗ್ಗು. ಬಿಸಿಲು ಚುರುಕಾಗುವುದರೊಳಗೆ ಕೊಯ್ದು ಮುಗಿಸಬೇಕು. ಪೂರ್ತಿ ಬಲಿತು ಬೆಳ್ಳಗಾದ ಮೊಗ್ಗನ್ನು ಮಾತ್ರ ತೆಗೆಯಿರಿ. ಹಸುರು ಉಳಿದದ್ದು ನಾಳೆಯದು. ಮಕ್ಕಳಿಗೆ ಈ ಗುರುತು ನಮಗಿಂತ ಬೇಗ ತಿಳಿಯುತ್ತದೆ. ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿಟ್ಟರೆ ಸಂಜೆಗೆ ಅರಳಿ ಮನೆಯೆಲ್ಲ ಘಮ್ಮೆನ್ನುತ್ತದೆ. ಜಾತ್ರೆ, ಕೋಲ, ಮದುವೆಗಳೆಲ್ಲ ಒಟ್ಟಿಗೆ ಬರುವ ಕಾಲವೂ ಇದೇ. ಮನೆಯದೇ ಹೂವನ್ನು ದೇವರಿಗೆ ಒಪ್ಪಿಸುವ ಸಂತೋಷವೇ ಬೇರೆ. (ಸುರಗಿ ಮರವಿದ್ದವರಿಗೂ ಇದು ಸಂಭ್ರಮದ ತಿಂಗಳು. ಒಣಗಿದರೂ ಪರಿಮಳ ಬಿಡದ ಹೂ ಅದು. ಆದರೆ ಮರ ಹತ್ತುವವರು ಬೇಕಲ್ಲ!)

ಕಾಪು ತಾಲೂಕಿನ ಶಂಕರಪುರದ ಕಡೆ ಇದೇ ಗಿಡ ಸಂಸಾರಗಳನ್ನು ಸಾಕಿದೆ. ಉಡುಪಿ ಮಲ್ಲಿಗೆ ಎಂದು ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಲ್ಲಿ ಹೂ ಮಾರುವ ಲೆಕ್ಕ ಚೆಂಡು ಮತ್ತು ಅಟ್ಟೆ. ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೇಸಿಗೆಯಲ್ಲಿ ಹೂ ರಾಶಿ ಬರುವುದರಿಂದ ದರ ಇಳಿಯುತ್ತದೆ, ಇದನ್ನು ಮೊದಲೇ ತಿಳಿದಿರಿ. ಆದರೂ ಹೂ ಕಟ್ಟಿ ಬಂದ ನಾಲ್ಕು ಕಾಸು ಮನೆಯ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಅದು ಸಣ್ಣ ಮಾತಲ್ಲ.

ಇನ್ನು ನೀರಿನ ಮಾತು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಮುರಕಲ್ಲಿನ ನೆಲ ದಾಟಿ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುತ್ತದೆ. ವೈಶಾಖದಲ್ಲಿ ಬಾವಿಯ ತಳ ಕಾಣುತ್ತದೆ. ಸೀತಾನದಿಯ ದಂಡೆಗೆ ಹತ್ತಿರವಿದ್ದವರಿಗೆ ಇನ್ನೊಂದು ತೊಂದರೆ. ಹೊಳೆಯ ಸಿಹಿನೀರು ಕಡಿಮೆಯಾದಾಗ ಭರತದ ಉಪ್ಪುನೀರು ಮೇಲೇರುತ್ತದೆ. ಬಾವಿಯಿಂದ ಅತಿಯಾಗಿ ನೀರು ಎತ್ತಿದರೆ ಬಾವಿಯೂ ಉಪ್ಪಾಗಬಹುದು. ಆಗ ಮಲ್ಲಿಗೆಯ ಎಲೆಯಂಚು ಸುಟ್ಟಂತಾಗುತ್ತದೆ. ಗಿಡದ ಮಾತು ಹಾಗಿರಲಿ, ಕುಡಿಯಲು ಏನು ಮಾಡುವುದು?

ಆದ್ದರಿಂದ ಗಿಡಗಳನ್ನು ಬಾವಿ ನೋಡಿ ನೆಡಬೇಕು, ನೆರೆಮನೆ ನೋಡಿ ಅಲ್ಲ. ಶಿವರಾತ್ರಿಯ ದಿನ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಿಳಿಸಿ, ನೀರು ತಾಗಿದಾಗ ಕಟ್ಟೆಯ ಮಟ್ಟದಲ್ಲಿ ಹಗ್ಗಕ್ಕೆ ಗಂಟು ಹಾಕಿರಿ. ವಾರಕ್ಕೊಮ್ಮೆ ಹೀಗೇ ಮಾಡಿದರೆ ನೀರು ಎಷ್ಟು ವೇಗದಲ್ಲಿ ಇಳಿಯುತ್ತಿದೆ ಎಂಬುದು ಸೌರ ಯುಗಾದಿಯ ಹೊತ್ತಿಗೆ ಹಗ್ಗದಲ್ಲೇ ಕಾಣುತ್ತದೆ. ಗಿಡಕ್ಕೆ ಎರಡು ದಿನಕ್ಕೊಂದು ಕೊಡಪಾನ ಎಂದಿಟ್ಟುಕೊಳ್ಳಿ. 20 ಗಿಡಕ್ಕೆ ದಿನಕ್ಕೆ 10 ಕೊಡಪಾನವಾಯಿತು. 100 ಗಿಡವಾದರೆ 50. ದನಕರುಗಳಿಗೂ ಮನೆಮಂದಿಗೂ ಅದೇ ಬಾವಿ ತಾನೇ! ವೈಶಾಖದಲ್ಲಿ ತಳ ಕಾಣುವ ಬಾವಿಯಾದರೆ 20 ಗಿಡವೇ ಸಾಕು ಎಂದು ನನ್ನ ಅಭಿಪ್ರಾಯ.

ಇದ್ದ ನೀರನ್ನು ಉಳಿಸಲು ಬುಡಕ್ಕೆ ತರಗೆಲೆ ದಪ್ಪವಾಗಿ ಹೊದಿಸಿ, ತೆಂಗಿನ ಸಿಪ್ಪೆಯನ್ನು ಸುತ್ತ ಮಗುಚಿ ಇಡಿ. ಕಾಂಡಕ್ಕೆ ಮಾತ್ರ ತಾಗಬಾರದು. ನೀರು ಸಂಜೆ ಹಾಕುವುದು ಒಳ್ಳೆಯದು. ಅಕ್ಕಿ ತೊಳೆದ ನೀರೂ ಆಗುತ್ತದೆ. ಸಾಬೂನಿನ ನೀರು ಬೇಡ. ಕಡಲೆಹಿಂಡಿ ನೆನೆಸಿ ಕೊಳೆಸಿದ ನೀರನ್ನು ತೆಳ್ಳಗೆ ಮಾಡಿ ಹಾಕಿದರೆ ಚಿಗುರು ಚೆನ್ನಾಗಿ ಬರುತ್ತದೆ. ಚಿಗುರಿನಲ್ಲೇ ಅಲ್ಲವೇ ಮೊಗ್ಗು!

ಈ ಕಾಲದ ಶತ್ರುಗಳು ಮೂರು. ಮೊಗ್ಗು ಕೊರೆಯುವ ಹುಳ ಒಂದು. ಮೊಗ್ಗನ್ನು ನೇರಳೆ ಬಣ್ಣಕ್ಕೆ ತಿರುಗಿಸಿ ಒಣಗಿಸುವ ಸಣ್ಣ ನೊಣದ ಮರಿ ಇನ್ನೊಂದು. ಇವೆರಡಕ್ಕೂ ಕೆಟ್ಟ ಮೊಗ್ಗನ್ನು ದಿನದಿನವೂ ಆರಿಸಿ ಸುಡಬೇಕು; ಬುಡದಲ್ಲಿ ಎಸೆದರೆ ಹುಳಕ್ಕೆ ನೀವೇ ಮನೆ ಕಟ್ಟಿಕೊಟ್ಟಂತೆ. ಎಲೆಯ ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ಕೆಂಪು ನುಸಿ. ಮೊದಲು ಎಲೆಯಡಿಗೆ ನೀರು ಚಿಮುಕಿಸಿ ನೋಡಿ. ಕಡಿಮೆಯಾಗದಿದ್ದರೆ ನೀರಿನಲ್ಲಿ ಕರಗುವ ಗಂಧಕದ ಪುಡಿಯನ್ನು ಲೀಟರಿಗೆ 2 ಗ್ರಾಮಿನಂತೆ, ಬಿಸಿಲಿಳಿದ ಮೇಲೆ ಸಿಂಪಡಿಸಿ.

ಹೊಸದಾಗಿ ನೆಡುವವರು ಈಗ ಗಿಡ ತರಬೇಡಿ. ಒಂದೂವರೆ ಅಡಿ ಆಳದ ಗುಂಡಿ ತೋಡಿ ಬಿಸಿಲಿಗೆ ಬಿಡಿ. ನೀರು ನಿಲ್ಲದ ಎತ್ತರದ ಜಾಗವಿರಲಿ. ಮಳೆ ಹಿಡಿದ ಮೇಲೆ ಹಟ್ಟಿಗೊಬ್ಬರ ತುಂಬಿ ನೆಡಬಹುದು. ಬಾವಿಯ ನೀರು ಚಪ್ಪೆಯೋ ಉಪ್ಪೋ ಎಂಬ ಅನುಮಾನವಿದ್ದರೆ, ನೆಡುವ ಮೊದಲೇ ಒಂದು ಶುದ್ಧ ಬಾಟಲಿಯಲ್ಲಿ ತುಂಬಿಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿರಿ. ನೀರು ತುಂಬಿದ ದಿನವನ್ನು ಬಾಟಲಿಯ ಮೇಲೆ ಬರೆದಿಡಿ. ಪುಷ್ಯದ ನೀರಿಗೂ ವೈಶಾಖದ ನೀರಿಗೂ ಅಂತರವಿರುತ್ತದೆ.