ಕರುವಿನ ಕಾಲು ಮುರಿದರೆ ಕೈಚೆಲ್ಲಬೇಡಿ



ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಮನೆಗೆ ಮರಳಿದ ಶಾಗ್ಯದ ತಾಯಿಯೊಬ್ಬರು ನನಗೆ ಫೋನ್ ಮಾಡಿದರು. “ಡಾಕ್ಟ್ರೇ, ಕರ ಕಾಲ್ ಮುರ್ಕಬುಟ್ಟದೆ. ಹಸ ತುಳ್ದ್‌ಬುಡ್ತು. ಇನ್ನ ಇದು ಎದ್ದು ನಡೆಯದಾ, ಇಲ್ಲ ಯಾರ್ಗಾರ ಕೊಟ್ಬುಡದಾ?” ಎಂದು ಕೇಳಿದರು. ಹನ್ನೆರಡು ದಿನದ ಮಿಶ್ರತಳಿ ಹೆಣ್ಣುಕರು ಅದು. ಮುಂಗಾಲು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು. ಮನೆಯವರು ಆಗಲೇ ಆಸೆ ಬಿಟ್ಟಿದ್ದರು.

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಒಂದು ದಿನ ಬರಬಹುದು. ಅದಕ್ಕೇ ಈ ಲೇಖನ. ಚೆನ್ನಾಗಿ ಸಾಕಿದ ಹೆಣ್ಣುಕರು ಸುಮಾರು ಎರಡೂವರೆ ವರ್ಷಕ್ಕೆ ಕರು ಹಾಕಿ ಹಾಲು ಕೊಡುತ್ತದೆ. ಅಂಥ ಕರುವನ್ನು ಒಂದು ಮುರಿದ ಕಾಲಿಗಾಗಿ ಕಳೆದುಕೊಳ್ಳಬೇಕಾಗಿಲ್ಲ. ಎಳೆ ಕರುಗಳಲ್ಲಿ ಮೂಳೆ ಬೇಗ ಕೂಡುತ್ತದೆ. ಮೊಣಕಾಲಿಗೂ ಗೊರಸಿಗೂ ನಡುವಿನ ಮೂಳೆ ಮುರಿದು, ಚರ್ಮ ಹರಿಯದೆ ಇದ್ದರೆ, ಸರಿಯಾಗಿ ಕಟ್ಟಿದ ಕಾಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಗಟ್ಟಿಯಾಗುತ್ತದೆ. ವೈದ್ಯರು ಬಂದು ಪಟ್ಟಿ ಹಾಕಿ ಹೋಗುವುದು ಒಂದು ಗಂಟೆಯ ಕೆಲಸ. ಅದಕ್ಕೆ ಮೊದಲಿನ ಎರಡು ಗಂಟೆ, ಅದರ ನಂತರದ ಆರು ವಾರ ಕರು ನಿಮ್ಮ ಕೈಯಲ್ಲಿರುತ್ತದೆ. ಕಾಲು ಉಳಿಯುವುದೂ ಹೋಗುವುದೂ ಹೆಚ್ಚಾಗಿ ಅಲ್ಲೇ ತೀರ್ಮಾನವಾಗುತ್ತದೆ.

ಮೊದಲ ಎರಡು ಗಂಟೆ

ಮೊದಲು ಕರುವನ್ನು ಎಬ್ಬಿಸಿ ನಡೆಸಲು ನೋಡಬೇಡಿ. ಮುರಿದ ಮೂಳೆಯ ತುದಿ ಚೂಪಾಗಿರುತ್ತದೆ. ಒಂದೊಂದು ಹೆಜ್ಜೆಗೂ ಅದು ಒಳಗಿನ ಮಾಂಸ, ರಕ್ತನಾಳಗಳನ್ನು ಕುಯ್ಯುತ್ತದೆ, ಚರ್ಮವನ್ನೂ ತೂರಿ ಹೊರಬರಬಹುದು. ತಾಯಿ ಹಸುವನ್ನು ದೂರ ಕಟ್ಟಿ. ಕರುವನ್ನು ಗೋಣಿಚೀಲ ಅಥವಾ ಕಂಬಳಿಯ ಮೇಲೆ ಮಲಗಿಸಿ, ನೆರಳಿಗೆ ತನ್ನಿ.

ರಕ್ತ ಸುರಿಯುತ್ತಿದ್ದರೆ ಒಗೆದ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಬೇಡಿ. ಮೂಳೆ ಹೊರಗೆ ಕಾಣುತ್ತಿದ್ದರೆ ಅದನ್ನು ಒಳಗೆ ತಳ್ಳಬೇಡಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಆ ನೀರಿನಿಂದ ಮಣ್ಣು, ಸಗಣಿ ತೊಳೆದು, ಒಗೆದ ಬಟ್ಟೆ ಮುಚ್ಚಿ. ಸುಣ್ಣ, ಬೂದಿ, ಸೀಮೆಎಣ್ಣೆ, ಗಾಡಿ ಆಯಿಲ್ ಯಾವುದೂ ಬೇಡ. ಮೂಳೆ ಕಾಣುವ ಗಾಯಕ್ಕೆ ಅರಿಶಿನವೂ ಬೇಡ.

ಆಮೇಲೆ ಫೋನ್ ಮಾಡಿ. ನಿಮ್ಮ ಡೈರಿಯ ಕಾರ್ಯದರ್ಶಿಯ ಮೂಲಕ ಒಕ್ಕೂಟದ ವೈದ್ಯರಿಗೆ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನೂ ಕೇಳಬಹುದು. ಫೋನಿನಲ್ಲಿ ಮೂರು ವಿಷಯ ಹೇಳಿ: ಯಾವ ಕಾಲು, ಮೊಣಕಾಲಿನ ಮೇಲೋ ಕೆಳಗೋ, ಚರ್ಮ ಹರಿದಿದೆಯೋ ಇಲ್ಲವೋ. ಇಷ್ಟು ಗೊತ್ತಾದರೆ ವೈದ್ಯರು ಬೇಕಾದ ಸಾಮಾನಿನೊಡನೆ ಬರುತ್ತಾರೆ.

ದಬ್ಬೆ ಕಟ್ಟುವುದು ಹೇಗೆ?

ನಮ್ಮ ಹನೂರು, ಕೊಳ್ಳೇಗಾಲದ ಕಡೆ ಬಿದಿರಿನ ದಬ್ಬೆ ಕಟ್ಟುವುದು ಹೊಸ ವಿದ್ಯೆಯಲ್ಲ. ಬಿದಿರು ಹಗುರ, ಗಟ್ಟಿ. ಆದ್ದರಿಂದ ದಬ್ಬೆ ತಪ್ಪಲ್ಲ, ಬಿಗಿತ ತಪ್ಪು.

ಈ ಮಾತನ್ನು ನಾನು ಒಂದು ಕರುವಿನಿಂದ ಕಲಿತೆ. ಬೇರೊಂದು ಊರಿನಲ್ಲಿ ಕರುವಿನ ಹಿಂಗಾಲಿಗೆ ಬಟ್ಟೆಯಿಲ್ಲದೆ ನೇರವಾಗಿ ದಬ್ಬೆ ಇಟ್ಟು, ಅದರ ಮೇಲೆ ಸೈಕಲ್ ಟ್ಯೂಬು ಸುತ್ತಿದ್ದರು. ಒಳ್ಳೆಯದಾಗಲೆಂದೇ ಮಾಡಿದ್ದು. ಮೂರನೇ ದಿನ ನಾನು ಹೋದಾಗ ಗೊರಸು ಮಂಜಿನಂತೆ ತಣ್ಣಗಿತ್ತು, ಚರ್ಮ ಕಪ್ಪಾಗಿ ವಾಸನೆ ಬರುತ್ತಿತ್ತು. ಮುರಿದ ಮೂಳೆ ಕೂಡಿಸಬಹುದಿತ್ತು. ರಕ್ತ ನಿಂತು ಸತ್ತ ಕಾಲನ್ನು ಬದುಕಿಸಲು ಆಗಲಿಲ್ಲ. ಆ ಕರು ಉಳಿಯಲಿಲ್ಲ.

ಶಾಗ್ಯದ ತಾಯಿಗೆ ನಾನು ಫೋನಿನಲ್ಲೇ ಹೇಳಿದ್ದು ಇದು. ಹಳೆಯ ಹತ್ತಿ ಸೀರೆಯನ್ನು ಅಗಲ ಪಟ್ಟಿಗಳಾಗಿ ಹರಿಯಿರಿ. ಗೊರಸಿನಿಂದ ಹಿಡಿದು ಮೊಣಕಾಲು ದಾಟಿ ಮೇಲಿನವರೆಗೂ ಒಂದೇ ಸಮ ಸುತ್ತಿ. ಗಂಟುಗಳ ಬಳಿ ಇನ್ನೊಂದೆರಡು ಮಡಿಕೆ ಹೆಚ್ಚಿರಲಿ. ಬಿದಿರನ್ನು ಸೀಳಿ, ಅಂಚು ಕೆರೆದು ನುಣುಪು ಮಾಡಿ ಎರಡು ದಬ್ಬೆ ಇಟ್ಟುಕೊಳ್ಳಿ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೂ ಆಗುತ್ತದೆ. ಒಂದನ್ನು ಕಾಲಿನ ಹಿಂಬದಿಗೆ, ಒಂದನ್ನು ಹೊರಬದಿಗೆ ಇಟ್ಟು ಬಟ್ಟೆಯಿಂದಲೇ ಕಟ್ಟಿ. ತಂತಿ, ನಾರಿನ ಹಗ್ಗ, ಟ್ಯೂಬು ಬೇಡ.

ನೆನಪಿಡಬೇಕಾದ ನಿಯಮ ಒಂದೇ: ಮುರಿದ ಜಾಗದ ಮೇಲಿನ ಗಂಟೂ ಕೆಳಗಿನ ಗಂಟೂ ಅಲುಗಾಡಬಾರದು. ಮುರಿದ ಜಾಗಕ್ಕಷ್ಟೇ ಗಿಡ್ಡ ದಬ್ಬೆ ಕಟ್ಟಿದರೆ ಅದು ಸನ್ನೆಗೋಲಿನಂತೆ ಕೆಲಸ ಮಾಡಿ ಮುರಿತವನ್ನು ಹೆಚ್ಚಿಸುತ್ತದೆ. ಇದೇ ಕಾರಣಕ್ಕೆ ತೊಡೆಯ ಮೂಳೆ ಅಥವಾ ಭುಜದ ಮೂಳೆ ಮುರಿದಿದ್ದರೆ ನೀವು ದಬ್ಬೆ ಕಟ್ಟಲೇಬೇಡಿ. ಅಲ್ಲಿ ಮೇಲಿನ ಗಂಟನ್ನು ಕಟ್ಟಿ ನಿಲ್ಲಿಸಲು ಆಗುವುದಿಲ್ಲ. ಕರುವನ್ನು ಅಲುಗಾಡದಂತೆ ಮಲಗಿಸಿ ವೈದ್ಯರಿಗಾಗಿ ಕಾಯಿರಿ.

ಕಟ್ಟಿದ ಮೇಲೆ ಅರ್ಧ ಗಂಟೆಗೊಮ್ಮೆ ಗೊರಸಿನ ಮೇಲ್ಭಾಗ ಮುಟ್ಟಿ ನೋಡಿ. ಆ ಕಾಲು ಇನ್ನೊಂದು ಕಾಲಿಗಿಂತ ತಣ್ಣಗಿದ್ದರೆ, ಊದಿದ್ದರೆ ತಕ್ಷಣ ಸಡಿಲಿಸಿ. ಆಸ್ಪತ್ರೆಗೆ ಒಯ್ಯುವುದಾದರೆ ಆಟೋ ಅಥವಾ ಗೂಡ್ಸ್ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ. ಬೈಕಿನ ಮೇಲೆ ಕಾಲು ನೇತಾಡುವಂತೆ ತರಬೇಡಿ.

ನೋವಿಗೆಂದು ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಜಾನುವಾರುಗಳಿಗಾಗಿ ಡೈಕ್ಲೋಫಿನಾಕ್ ತಯಾರಿಸುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಲ್ಲಿಸಲಾಯಿತು. ಆ ಔಷಧಿ ಉಳಿದಿದ್ದ ಸತ್ತ ರಾಸುಗಳನ್ನು ತಿಂದು ರಣಹದ್ದುಗಳ ಸಂತತಿಯೇ ಅಳಿಯುವ ಹಂತಕ್ಕೆ ಬಂದಿತ್ತು. ಕರುವಿನ ನೋವಿಗೆ ಸುರಕ್ಷಿತ ಔಷಧಿ ವೈದ್ಯರ ಬಳಿ ಇದೆ. ಗಾಯವಿದ್ದರೆ ಧನುರ್ವಾಯು ತಡೆಯುವ ಚುಚ್ಚುಮದ್ದನ್ನೂ ಕೇಳಿ ಹಾಕಿಸಿ.

ನಂತರದ ಆರು ವಾರ

ವೈದ್ಯರು ಪ್ಲಾಸ್ಟರ್ ಪಟ್ಟಿ ಹಾಕಿದ ಮೇಲೆ ಕರುವಿಗೆ ಬೇಕಾದದ್ದು ಒಣ ಜಾಗ, ಹೊಟ್ಟೆ ತುಂಬ ಹಾಲು, ಓಡಾಟಕ್ಕೆ ಕಡಿವಾಣ.

ಕೊಟ್ಟಿಗೆಯ ಒಂದು ಮೂಲೆಯನ್ನು ತಡಿಕೆಯಿಂದ ಮರೆಮಾಡಿ, ನಾಲ್ಕು ಬೆರಳಿನಷ್ಟಾದರೂ ದಪ್ಪಕ್ಕೆ ಒಣ ರಾಗಿ ಹುಲ್ಲು ಹಾಸಿ. ನೆಂದ ಹುಲ್ಲನ್ನು ದಿನವೂ ತೆಗೆಯಿರಿ. ಗಂಜಲ ಪಟ್ಟಿಯೊಳಗೆ ಇಳಿದರೆ ಚರ್ಮ ಕೊಳೆಯುತ್ತದೆ. ಕರು ಏಳಲಾರದಿದ್ದರೆ ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಎಳೆ ಕರುವಿಗೆ ದಿನಕ್ಕೆ ಅದರ ತೂಕದ ಹತ್ತನೇ ಒಂದು ಭಾಗ ಹಾಲು ಬೇಕು. 25 ಕೆ.ಜಿ. ಕರುವಿಗೆ ಎರಡೂವರೆ ಲೀಟರ್. ಇದು ಒಕ್ಕೂಟದ ಪತ್ರಿಕೆ, ಆದರೂ ಹೇಳುತ್ತೇನೆ: ಕರುವಿನ ಪಾಲಿನ ಹಾಲನ್ನು ಡೈರಿಗೆ ಹಾಕಬೇಡಿ. ಮೂಳೆ ಕೂಡುವುದು ಆ ಹಾಲಿನಿಂದಲೇ. ಕೆಚ್ಚಲಿಗೆ ಬಾಯಿ ಹಾಕಲಾಗದಿದ್ದರೆ ಕರೆದು ಬಾಟಲಿಯಲ್ಲಿ ಕುಡಿಸಿ. ಮಗ್ಗುಲಾಗಿ ಮಲಗಿರುವಾಗ ಬಾಯಿಗೆ ಸುರಿಯಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಎದೆಯ ಮೇಲೆ ಕೂರಿಸಿ, ತಲೆ ಸ್ವಲ್ಪ ಎತ್ತಿ, ನಿಧಾನವಾಗಿ ಕೊಡಿ.

ದಿನವೂ ಪಟ್ಟಿಯನ್ನು ಮೂಸಿ ನೋಡಿ, ಮುಟ್ಟಿ ನೋಡಿ. ಕೊಳೆತ ವಾಸನೆ, ಪಟ್ಟಿಯ ಮೇಲೆ ಹಸಿ, ಪಟ್ಟಿಯ ಅಂಚಿನಲ್ಲಿ ಊತ, ನೊಣ ಮುತ್ತುವುದು, 103 ಡಿಗ್ರಿ ದಾಟಿದ ಜ್ವರ, ಊರುತ್ತಿದ್ದ ಕಾಲನ್ನು ಮತ್ತೆ ಎತ್ತಿಬಿಡುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ತಿಳಿಸಿ. ಕರು ಬೇಗ ಬೆಳೆಯುವುದರಿಂದ ಪಟ್ಟಿ ತಾನೇ ಬಿಗಿಯಾಗುತ್ತದೆ. ಸುಮಾರು ಮೂರು ವಾರಕ್ಕೆ ಬದಲಿಸಬೇಕಾಗಬಹುದು. ವೈದ್ಯರು ಹೇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಪಟ್ಟಿ ಬಿಚ್ಚಿದ ಮೊದಲ ದಿನ ಕಾಲು ಸಣಕಲಾಗಿ, ಸೊಟ್ಟಗೆ ಕಂಡರೆ ಹೆದರಬೇಡಿ. ಸಿಮೆಂಟು ನೆಲ ಬಿಟ್ಟು ಮಣ್ಣಿನ ನೆಲದಲ್ಲಿ ದಿನಕ್ಕೆ ಹತ್ತು ನಿಮಿಷ ನಿಧಾನವಾಗಿ ನಡೆಸಿ. ಎರಡು ಮೂರು ವಾರ ಬೇರೆ ಕರುಗಳ ಜೊತೆ ಓಡಲು ಬಿಡಬೇಡಿ.

ಗಾಯಗೊಂಡದ್ದು ಹಾಲು ಕೊಡುವ ಹಸುವಾಗಿದ್ದು, ಆಂಟಿಬಯೋಟಿಕ್ ಚುಚ್ಚುಮದ್ದು ಕೊಟ್ಟಿದ್ದರೆ, ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ.

ಮುರಿಯದಂತೆ ನೋಡಿಕೊಳ್ಳುವುದು

ಕರುವನ್ನು ಹಸುವಿನ ಕಾಲಡಿಗೆ ಸಿಗುವಂತೆ ಕಟ್ಟಬೇಡಿ. ಹಗ್ಗ ಉದ್ದವಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಜಾರುವ ಸಿಮೆಂಟು ನೆಲಕ್ಕೆ ಗೀರು ಹಾಕಿಸಿ. ಹೆರಿಗೆಯ ಹೊತ್ತಿನಲ್ಲಿ ನಾಲ್ಕೈದು ಜನ ಸೇರಿ ಕರುವಿನ ಕಾಲು ಎಳೆಯುವುದರಿಂದಲೂ ಎಷ್ಟೋ ಕಾಲುಗಳು ಮುರಿಯುತ್ತವೆ. ಹಸು ಮುಕ್ಕಿದಾಗ ಮಾತ್ರ, ಇಬ್ಬರ ಬಲಕ್ಕೆ ಮೀರದಂತೆ ಎಳೆಯಿರಿ. ಅದಕ್ಕೂ ಬಾರದಿದ್ದರೆ ವೈದ್ಯರನ್ನು ಕರೆಯಿರಿ.

ಶಾಗ್ಯದ ಆ ಮನೆಗೆ ನಾನು ತಲುಪುವ ಹೊತ್ತಿಗೆ ಸೀರೆಯ ಪಟ್ಟಿ, ಬಿದಿರ ದಬ್ಬೆ ಎರಡೂ ಹೇಳಿದ ಹಾಗೇ ಇದ್ದವು, ಗೊರಸು ಬೆಚ್ಚಗಿತ್ತು. ನಾನು ಪ್ಲಾಸ್ಟರ್ ಹಾಕಿದೆ. ಮೂರು ವಾರಕ್ಕೆ ಒಮ್ಮೆ ಬದಲಿಸಿ, ಐದನೇ ವಾರ ಬಿಚ್ಚಿದೆ. ಆ ಐದು ವಾರವೂ ರಾತ್ರಿ ಎದ್ದು ಹುಲ್ಲು ಬದಲಿಸಿದವರು ಆ ತಾಯಿ. ಈಗ ಕರು ಸ್ವಲ್ಪವೂ ಕುಂಟದೆ ಓಡಾಡುತ್ತಿದೆ. “ಕೊಟ್ಬುಡದಾ?” ಎಂದು ಕೇಳಿದ್ದನ್ನು ನೆನಪಿಸಿದರೆ ಅವರೇ ನಗುತ್ತಾರೆ.

ಒಂದು ಹಳೆಯ ಹತ್ತಿ ಸೀರೆಯನ್ನು ಒಗೆದು, ಎರಡು ನುಣುಪಾದ ದಬ್ಬೆಯ ಜೊತೆ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಡಿ. ಬೇಕಾಗದೆ ಇರಲಿ ಎಂಬುದೇ ನನ್ನ ಹಾರೈಕೆ. ಬೇಕಾದ ದಿನ ಹುಡುಕುತ್ತಾ ಹೊತ್ತು ಕಳೆಯುವಂತಾಗಬಾರದು.