ಸಾಲಿಶ್ ಕಟ್ಟೆಯಿಂದ ಢಾಕಾ ಹೈಕೋರ್ಟಿಗೆ

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಗಂಡ-ಹೆಂಡಿರ ಜಗಳ ಕೋರ್ಟಿಗಿಂತ ಮೊದಲು ಹೋಗುವುದು ಸಾಲಿಶ್‌ಗೆ. ಊರ ಹಿರಿಯರು, ಜಮೀನುಳ್ಳವರು, ಇಮಾಮರು ಕೂತು ರಾಜಿ ಮಾಡಿಸುವ ಪಂಚಾಯ್ತಿಯದು. ವಕೀಲರಿಗೆ ಫೀಸು ಕೊಡಲಾರದ ಬಡವರಿಗೆ ಅದರಿಂದ ಉಪಕಾರವೂ ಆಗಿದೆ. ಕೇಡು ಶುರುವಾದದ್ದು ರಾಜಿ ಮಾಡಿಸಬೇಕಾದವರು ಶಿಕ್ಷೆ ಕೊಡಲು ಎದ್ದು ನಿಂತಾಗ.

1993ರ ಜನವರಿಯಲ್ಲಿ ಸಿಲ್ಹೆಟ್ ಸೀಮೆಯ ಛತಕ್‌ಛರಾ ಎಂಬ ಹಳ್ಳಿಯಲ್ಲಿ, ಎರಡನೇ ಮದುವೆಯಾಗಿದ್ದ ಬಡ ತರುಣಿಯೊಬ್ಬಳ ಮೊದಲ ತಲಾಖ್ ಸರಿಯಾಗಿ ಆಗಿಲ್ಲ, ಆದ್ದರಿಂದ ಈ ಸಂಸಾರ ವ್ಯಭಿಚಾರ ಎಂದು ಸಾಲಿಶ್ ಹೇಳಿತು. ಆಕೆಯನ್ನು ಸೊಂಟದ ಮಟ್ಟದ ಗುಂಡಿಯಲ್ಲಿ ನಿಲ್ಲಿಸಿ 101 ಕಲ್ಲು ಹೊಡೆದರು. ಅದೇ ದಿನ ಆಕೆ ವಿಷ ಕುಡಿದು ಸತ್ತಳು. ದೇಶವೆಲ್ಲ ಬೆಚ್ಚಿತು, ಸಾಲಿಶ್‌ಗಳು ಮಾತ್ರ ನಿಲ್ಲಲಿಲ್ಲ.

2000ದ ಕೊನೆಯಲ್ಲಿ 'ಬಾಂಗ್ಲಾಬಜಾರ್ ಪತ್ರಿಕಾ' ನವಗಾಂವ್ ಜಿಲ್ಲೆಯ ಒಂದು ಸುದ್ದಿ ಪ್ರಕಟಿಸಿತು. ಗಂಡ ಸಿಟ್ಟಿನಲ್ಲಿ ತಲಾಖ್ ಎಂದಿದ್ದ. ಆಮೇಲೂ ಇಬ್ಬರೂ ಒಟ್ಟಿಗೇ ಬಾಳುತ್ತಿದ್ದರು. ವರ್ಷ ಕಳೆದ ಮೇಲೆ ಊರಿನವರೊಬ್ಬರು ಫತ್ವಾ ಕೊಟ್ಟು, ಮದುವೆ ಮುರಿದಿದೆ ಎಂದು ಆಕೆಯನ್ನು ಗಂಡನ ದಾಯಾದಿಯೊಬ್ಬನಿಗೆ ಬಲವಂತದಿಂದ ಕಟ್ಟಿದರು. ಇದೇ 'ಹಿಲ್ಲಾ': ತಲಾಖ್ ಹೇಳಿದ ಗಂಡನನ್ನು ಮತ್ತೆ ಸೇರಬೇಕಾದರೆ ಹೆಂಡತಿ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಅವನಿಂದ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ. 'ಚಂದ್ರಗಿರಿಯ ತೀರದಲ್ಲಿ' ಓದಿದ ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಸಾರಾ ಅಬೂಬಕ್ಕರ್ ಅವರ ನಾದಿರಾ ಸಿಕ್ಕಿಬಿದ್ದದ್ದೂ ಇಂಥದೇ ಕಟ್ಟಳೆಗೆ. ಆಡಿದ ಮಾತು ಗಂಡಸಿನದು, ಅದರ ಬೆಲೆ ತೆರುವವಳು ಹೆಂಗಸು. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನಾವುದು?

ಯಾರೂ ಅರ್ಜಿ ಹಾಕದಿದ್ದರೂ ಹೈಕೋರ್ಟ್ ಆ ಸುದ್ದಿಯನ್ನೇ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳಾದ ಗುಲಾಂ ರಬ್ಬಾನಿ ಮತ್ತು ನಜ್ಮುನ್ ಆರಾ ಸುಲ್ತಾನಾ 2001ರ ಜನವರಿ 1ರಂದು ತೀರ್ಪಿತ್ತರು. ಅವರು ಎತ್ತಿ ತೋರಿಸಿದ್ದು 1961ರಿಂದಲೂ ಜಾರಿಯಲ್ಲಿದ್ದ ಮುಸ್ಲಿಂ ಕೌಟುಂಬಿಕ ಕಾನೂನನ್ನು. ಅದರ ಪ್ರಕಾರ ತಲಾಖ್ ಹೇಳಿದವನು ಸ್ಥಳೀಯ ಆಡಳಿತ ಸಂಸ್ಥೆಯ ಅಧ್ಯಕ್ಷರಿಗೆ ಲಿಖಿತ ನೋಟಿಸ್ ಕೊಡಬೇಕು. ಬಳಿಕ 90 ದಿನ ಕಳೆಯಬೇಕು. ಹಾಗೆ ಬಿಟ್ಟ ಹೆಂಡತಿಯನ್ನೇ ಮತ್ತೆ ಮದುವೆಯಾಗಲು, ಅದು ಮೂರನೇ ತಲಾಖ್ ಅಲ್ಲದಿದ್ದರೆ, ನಡುವೆ ಬೇರೆಯವನ ಜೊತೆ ಮದುವೆ ಬೇಕಿಲ್ಲ. ಇಲ್ಲಿ ಅಂಥ ನೋಟಿಸೇ ಹೋಗಿರಲಿಲ್ಲ. ಎಂದರೆ ಆ ಹೆಣ್ಣುಮಗಳ ಮದುವೆ ಮುರಿದೇ ಇರಲಿಲ್ಲ! ನಾಲ್ಕು ದಶಕವಾದರೂ ಕಾನೂನು ಆ ಊರಿನ ಜಗಲಿಗೆ ಬಂದಿರಲಿಲ್ಲ. ಕೋರ್ಟಿಗೆ ಹೊರತಾದ ಫತ್ವಾಗಳೆಲ್ಲ ಅಕ್ರಮ ಎಂದ ನ್ಯಾಯಮೂರ್ತಿಗಳು, ಈ ಕಾನೂನನ್ನು ಮದರಸಾಗಳ ಪಾಠದಲ್ಲಿ ಸೇರಿಸಿ, ಶುಕ್ರವಾರದ ಪ್ರವಚನದಲ್ಲಿ ತಿಳಿಸಿ ಎಂದೂ ಹೇಳಿದರು. ಇಡೀ ತೀರ್ಪಿನಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಈ ಸಲಹೆ.

ವಿರೋಧ ಬೀದಿಗಿಳಿಯಿತು, ಮೇಲ್ಮನವಿ ಹೋಯಿತು, ತೀರ್ಪಿಗೆ ತಡೆ ಬಿತ್ತು. 2010ರ ಜುಲೈನಲ್ಲಿ ಹೈಕೋರ್ಟ್ ಮತ್ತೊಮ್ಮೆ, ಫತ್ವಾದ ಹೆಸರಿನಲ್ಲಿ ಶಿಕ್ಷಿಸುವುದು ಅಪರಾಧ ಎಂದು ಸಾರಿತು. ಆರೇಳು ತಿಂಗಳಿಗೆ, ಶರಿಯತ್‌ಪುರ ಜಿಲ್ಲೆಯಲ್ಲಿ 14 ವರ್ಷದ ಹುಡುಗಿಗೆ ಸಾಲಿಶ್ 101 ಛಡಿ ಏಟು ವಿಧಿಸಿತು. ಹುಡುಗಿ ಆಸ್ಪತ್ರೆಯಲ್ಲಿ ಸತ್ತಳು. ಮೈಮೇಲೆ ಗಾಯವಿಲ್ಲ ಎಂದಿತ್ತು ಮೊದಲ ಶವಪರೀಕ್ಷೆ. ಕೋರ್ಟ್ ಹೇಳಿ ಮತ್ತೆ ಪರೀಕ್ಷೆ ಮಾಡಿಸಿದಾಗ ಗಾಯಗಳು ಕಂಡವು.

2011ರ ಮೇ 12ರಂದು ಸುಪ್ರೀಂ ಕೋರ್ಟಿನ ಮೇಲ್ಮನವಿ ಪೀಠ ಅಂತಿಮ ಮಾತು ಹೇಳಿತು: ಬಲ್ಲವರು ಧಾರ್ಮಿಕ ವಿಷಯದಲ್ಲಿ ಫತ್ವಾ ಕೊಡಬಹುದು, ಒಪ್ಪುವುದು ಬಿಡುವುದು ಕೇಳಿದವರ ಇಷ್ಟ, ಅದರ ಹೆಸರಿನಲ್ಲಿ ಯಾರ ದೇಹಕ್ಕಾಗಲಿ ಮನಸ್ಸಿಗಾಗಲಿ ದಂಡನೆ ಕೊಡುವಂತಿಲ್ಲ.