ಸೂರ್ಯನ ಎಲ್ಲೆ ದಾಟಿದ ನಾಲ್ಕು ಕನ್ನಡ ಪದ

"ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು." ಹೇಳಿ ಮುಗಿಸಲು ಐದು ಸೆಕೆಂಡು ಸಾಕು. ಆದರೆ ಈ ನಾಲ್ಕು ಪದಗಳು ಈಗ ಎಲ್ಲಿವೆ ಗೊತ್ತೇ? ನಮ್ಮಿಂದ ಸುಮಾರು 2,500 ಕೋಟಿ ಕಿಲೋಮೀಟರ್ ಆಚೆ, ಸೌರಮಾರುತವೂ ಮುಟ್ಟದ ಕತ್ತಲಲ್ಲಿ, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಇನ್ನೂ ಓಡುತ್ತಲೇ ಇವೆ! ಅವನ್ನು ಹೊತ್ತ ತಟ್ಟೆ ನೂರು ಕೋಟಿ ವರ್ಷಕ್ಕೂ ಮಿಕ್ಕಿ ಬಾಳೀತೆಂದು ಅಂದಾಜು. ಹಲ್ಮಿಡಿ ಶಾಸನಕ್ಕೆ ಈಗ ಸುಮಾರು 1,500 ವರ್ಷ. ಅಷ್ಟು ಕಾಲವನ್ನು ಆರೂವರೆ ಲಕ್ಷ ಸಲ ಒಂದರ ಬೆನ್ನಿಗೊಂದು ಜೋಡಿಸಿದರೂ ಈ ತಟ್ಟೆಯ ಆಯುಸ್ಸು ಮುಗಿಯದು. ನಮ್ಮ ಭಾಷೆಯ ಎಲ್ಲಕ್ಕಿಂತ ದೀರ್ಘಾಯುಷಿ ಶಾಸನ ಒಂದು ಗ್ರಾಮಫೋನ್ ಪ್ಲೇಟು!

ಅಮೆರಿಕದ ನಾಸಾ 1977ರ ಆಗಸ್ಟ್ 20ರಂದು ವಾಯೇಜರ್-2 ನೌಕೆಯನ್ನೂ ಸೆಪ್ಟೆಂಬರ್ 5ರಂದು ವಾಯೇಜರ್-1 ನೌಕೆಯನ್ನೂ ಹಾರಿಸಿತು. ಎರಡರ ಮೈಗೂ ಒಂದೊಂದು ತಟ್ಟೆ ಬಿಗಿದಿದ್ದಾರೆ. 12 ಅಂಗುಲ ಅಗಲ, ಒಳಗೆ ತಾಮ್ರ, ಮೇಲೆ ಚಿನ್ನದ ಲೇಪ. ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಮತ್ತು ಅವರ ಪುಟ್ಟ ತಂಡ ಒಂದು ವರ್ಷವೂ ಹಿಡಿಯದ ಅವಸರದಲ್ಲಿ ಇದನ್ನು ಸಿದ್ಧಮಾಡಿತು. 55 ಭಾಷೆಗಳ ನಮಸ್ಕಾರ, 115 ಚಿತ್ರಗಳು, ಗುಡುಗು, ಹಕ್ಕಿ, ತಿಮಿಂಗಿಲಗಳ ದನಿ, ಸುಮಾರು 90 ನಿಮಿಷ ಸಂಗೀತ. ಕನ್ನಡದ ಜೊತೆ ಅದೇ ತಟ್ಟೆಯಲ್ಲಿ ಸುಮೇರಿಯನ್, ಅಕ್ಕಾಡಿಯನ್, ಹಿಟ್ಟೈಟ್ ಭಾಷೆಗಳೂ ಮಾತಾಡುತ್ತವೆ. ಆಡುವ ನಾಲಿಗೆಗಳೆಲ್ಲ ಅಳಿದು ಸಾವಿರಾರು ವರ್ಷಗಳಾದ ಭಾಷೆಗಳವು!

ಈಗ ನನ್ನನ್ನು ನಿಜಕ್ಕೂ ಬೆರಗುಗೊಳಿಸುವ ಭಾಗಕ್ಕೆ ಬರುತ್ತೇನೆ. ಈ ತಟ್ಟೆ ಯಾರ ಕೈಗೆ ಸಿಕ್ಕೀತೋ, ಅವರಿಗೆ ಕೈ ಎಂಬುದೊಂದು ಇದ್ದೀತೋ ಇಲ್ಲವೋ. ನಮ್ಮ ಲಿಪಿ, ಅಂಕಿ, ಅಂಗುಲ, ಸೆಕೆಂಡು ಯಾವುದೂ ಅವರಿಗೆ ತಿಳಿಯದು. ಅಂಥವರಿಗೆ ಪ್ಲೇಟು ನುಡಿಸುವುದನ್ನು ಕಲಿಸುವುದು ಹೇಗೆ?

ಹೊದಿಕೆಯ ಅಲ್ಯೂಮಿನಿಯಂ ಮೇಲೆ ಕೆಳಮೂಲೆಯಲ್ಲಿ ಎರಡು ಪುಟ್ಟ ವೃತ್ತಗಳಿವೆ, ನಡುವೆ ಒಂದು ಗೆರೆ. ಅದು ಜಲಜನಕದ ಪರಮಾಣು, ಅದರ ಎರಡು ಸ್ಥಿತಿಗಳಲ್ಲಿ. ವಿಶ್ವದಲ್ಲಿ ಎಲ್ಲಕ್ಕಿಂತ ಹೇರಳವಾಗಿರುವ ಧಾತು ಅದೇ, ಹಾಗಾಗಿ ಯಾವ ಲೋಕದ ವಿಜ್ಞಾನಿಗೂ ಅದು ಗುರುತಿನದು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಾರುವಾಗ ಆ ಪರಮಾಣು ರೇಡಿಯೊ ಅಲೆಯೊಂದನ್ನು ಹೊಮ್ಮಿಸುತ್ತದೆ. ಅದರ ಒಂದು ಆವರ್ತಕ್ಕೆ ಹಿಡಿಯುವ ಸಮಯ 0.7 ನ್ಯಾನೊಸೆಕೆಂಡ್, ಅಂದರೆ ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಒಂದು ಚೂರಿಗಿಂತಲೂ ಕಡಿಮೆ! ಅದೇ ಇಲ್ಲಿಯ ಅಳತೆಗೋಲು. ತಟ್ಟೆ ಒಂದು ಸುತ್ತು ಬರಬೇಕಾದ 3.6 ಸೆಕೆಂಡನ್ನು ಆ ಅಳತೆಯಲ್ಲೇ ಎಣಿಸಿ, ಅಡ್ಡಗೆರೆ ಉದ್ದಗೆರೆಗಳ ದ್ವಿಮಾನ ಸಂಖ್ಯೆಯಾಗಿ ಕೊರೆದಿದ್ದಾರೆ. ಮುಳ್ಳನ್ನು ಎಲ್ಲಿ ಇಡಬೇಕೆಂಬ ಚಿತ್ರವಿದೆ. ಮುಳ್ಳನ್ನೂ ಜೊತೆಗೇ ಕಳಿಸಿದ್ದಾರೆ! ಚಿತ್ರಗಳು ಕೂಡ ಸದ್ದಿನ ರೂಪದಲ್ಲೇ ಅಡಗಿರುವುದರಿಂದ ಮೊದಲನೆಯದಾಗಿ ಒಂದು ವೃತ್ತವನ್ನು ಇಟ್ಟು, ಅದೇ ವೃತ್ತವನ್ನು ಹೊದಿಕೆಯ ಮೇಲೂ ಬರೆದಿದ್ದಾರೆ. ಬಿಡಿಸಿದಾಗ ವೃತ್ತ ದುಂಡಗೆ ಮೂಡಿತೋ, ಲೆಕ್ಕ ಸರಿ. ಮೊಟ್ಟೆಯಾಕಾರ ಬಂತೋ, ಎಲ್ಲೋ ತಪ್ಪಿದೆ.

ವಿಳಾಸವೂ ಉಂಟು. ನಿಯತವಾಗಿ ಮಿಡಿಯುವ ತಾರೆಗಳಾದ 14 ಪಲ್ಸಾರ್‌ಗಳ ನಡುವೆ ನಮ್ಮ ಸೂರ್ಯ ಎಲ್ಲಿದ್ದಾನೆಂದು ತೋರಿಸಿ, ಪ್ರತಿಯೊಂದರ ಮಿಡಿತದ ಅವಧಿಯನ್ನು ಪಕ್ಕದಲ್ಲಿ ನಮೂದಿಸಿದ್ದಾರೆ. ಪಲ್ಸಾರ್‌ಗಳು ಕಾಲ ಸರಿದಂತೆ ನಿಧಾನವಾಗುತ್ತವೆ. ಎಷ್ಟು ನಿಧಾನವಾಗಿವೆ ಎಂದು ನೋಡಿದರೆ ನೌಕೆ ಯಾವಾಗ ಹೊರಟಿತೆಂದೂ ಲೆಕ್ಕ ಹಾಕಬಹುದು. ಸಾಲದ್ದಕ್ಕೆ ಹೊದಿಕೆಯ ಮೇಲೆ ಒಂದಿಷ್ಟು ಯುರೇನಿಯಂ-238 ಲೇಪಿಸಿದ್ದಾರೆ. ಅದು ಅರ್ಧ ಕರಗಲು ಸುಮಾರು 450 ಕೋಟಿ ವರ್ಷ ಬೇಕು. ಕೀಲಿ ಕೊಡಬೇಕಿಲ್ಲದ ಗಡಿಯಾರ!

ಚಿತ್ರಗಳಲ್ಲಿ ನನಗೆ ಅಚ್ಚುಮೆಚ್ಚಿನದು ಊಟದ ಪಾಠ. ಒಬ್ಬಳು ಐಸ್‌ಕ್ರೀಂ ನೆಕ್ಕುತ್ತಿದ್ದಾಳೆ, ಒಬ್ಬ ಬ್ರೆಡ್ ಕಚ್ಚುತ್ತಿದ್ದಾನೆ, ಇನ್ನೊಬ್ಬ ಮೇಲಿನಿಂದ ಬಾಯಿಗೆ ನೀರು ಹೊಯ್ದುಕೊಳ್ಳುತ್ತಿದ್ದಾನೆ. ಮನುಷ್ಯರ ಬಾಯಿ ಏನೇನು ಮಾಡುತ್ತದೆಂಬುದು ಒಂದೇ ಚಿತ್ರದಲ್ಲಿ!

ಸಂಗೀತದಲ್ಲಿ ಬಾಖ್, ಬೀಥೋವನ್, ಚಕ್ ಬೆರಿ ಇದ್ದಾರೆ. ಅವರ ಸಾಲಿನಲ್ಲೇ ಗೋವೆಯ ಕೇರಿ ಎಂಬ ಊರಿನಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಮೂರೂವರೆ ನಿಮಿಷ ಭೈರವಿ ಹಾಡುತ್ತಾರೆ. ಒಂಟಿಯಾಗಿ ಹೊರಟವಳನ್ನು ಎಲ್ಲಿಗೆಂದು ಕೇಳುವ ಹಾಡು ಅದು. ಕೇಸರಬಾಯಿ ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ಅದೇ ಅಲ್ಲಾದಿಯಾ ಖಾನರ ಮಕ್ಕಳ ಬಳಿ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರ. ವಾಯೇಜರ್-1 ಹಾರಿದ 11 ದಿನಕ್ಕೆ, 1977ರ ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು. ದನಿ ಆಗಲೇ ದಾರಿ ಹಿಡಿದಿತ್ತು.

ಇಷ್ಟು ತೆಳ್ಳಗಿನ ತಟ್ಟೆ ಇಷ್ಟು ಕಾಲ ಹೇಗೆ ಉಳಿದೀತು? ಉಳಿಸುವುದು ಲೋಹದ ಗಟ್ಟಿತನಕ್ಕಿಂತ ಅದಿರುವ ಜಾಗ. ನೆಲದ ಮೇಲೆ ಮಳೆ ಕೊರೆಯುತ್ತದೆ, ಬೇರು ಸೀಳುತ್ತದೆ, ಕಿಲುಬು ತಿನ್ನುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಚಿನ್ನ ಕಂಡರೆ ಕರಗಿಸುವ ಕೈಗಳಿವೆ, ಎಷ್ಟು ವಿಗ್ರಹಗಳು, ಎಷ್ಟು ತಾಮ್ರಪಟಗಳು ಕುಲುಮೆಗೆ ಬಿದ್ದಿಲ್ಲ! ತಾರೆಗಳ ನಡುವಿನ ಬಯಲಿನಲ್ಲಿ ಗಾಳಿಯಿಲ್ಲ, ನೀರಿಲ್ಲ, ದೂಳಿನ ಕಣಗಳೂ ತೀರ ವಿರಳ. ನಮ್ಮ ರಾಜರು ದಾನ ಕೊಡುವಾಗ ಸೂರ್ಯಚಂದ್ರರಿರುವ ತನಕ ನಡೆಯಲೆಂದು ಕಲ್ಲಿನಲ್ಲಿ ಕೆತ್ತಿಸಿದರು. ಇನ್ನು ನೂರು ಕೋಟಿ ವರ್ಷದ ಹೊತ್ತಿಗೆ ಸೂರ್ಯನ ತಾಪ ಏರಿ ಭೂಮಿಯ ಕಡಲುಗಳೇ ಬತ್ತಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ. ಆಗಲೂ ಈ ತಟ್ಟೆ ಆಕಾಶಗಂಗೆಯನ್ನು ಸುತ್ತುತ್ತಿರಬಹುದು.

ನೌಕೆಯ ಯಂತ್ರಗಳು ಮಾತ್ರ ಸೋಲುತ್ತಿವೆ. ಪ್ಲುಟೋನಿಯಂ ಕೊಡುವ ವಿದ್ಯುತ್ತು ವರ್ಷಕ್ಕೆ ಸುಮಾರು 4 ವಾಟ್ ಕುಗ್ಗುತ್ತಿದೆ, ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ. ತಟ್ಟೆಗೆ ವಿದ್ಯುತ್ತು ಬೇಕಿಲ್ಲ. ಇನ್ನು ಸುಮಾರು 40,000 ವರ್ಷಕ್ಕೆ ವಾಯೇಜರ್-1 ಗ್ಲೀಸ 445 ಎಂಬ ನಕ್ಷತ್ರವನ್ನು ಎರಡು ಜ್ಯೋತಿರ್ವರ್ಷಕ್ಕೂ ಕಡಿಮೆ ದೂರದಲ್ಲಿ ಹಾದುಹೋಗಲಿದೆ.

2006ರಲ್ಲಿ ಪ್ಲೂಟೊ ಕಡೆ ಹೊರಟ ನ್ಯೂ ಹೊರೈಜನ್ಸ್ ನೌಕೆಯೂ ಸೌರವ್ಯೂಹ ಬಿಟ್ಟು ಹೋಗುವ ಹಾದಿಯಲ್ಲಿದೆ. ಅದರಲ್ಲಿ ಇಂಥ ತಟ್ಟೆ ಇಲ್ಲ. ಮುಂದೆ ಹೋಗುವ ನೌಕೆಗೆ ಒಂದನ್ನು ಕೆತ್ತಲೇಬೇಕು, ಆ ಪಟ್ಟಿಯನ್ನು ನಾವೂ ಕೂತು ಬರೆಯಬೇಕು. ಮೊದಲ 55ರಲ್ಲಿ ನೆರೆಯ ತಮಿಳು, ಮಲಯಾಳಂ ಇಲ್ಲ. ತುಳು ಇಲ್ಲ, ಕೊಡವ ಇಲ್ಲ, ಕೊಂಕಣಿ ಇಲ್ಲ, ಬ್ಯಾರಿ ಇಲ್ಲ. ಒಂದೊಂದಕ್ಕೆ ಬೇಕಾದದ್ದು ಐದೇ ಸೆಕೆಂಡು.